ಅಪ್‌ಡೇಟ್ ಬೇಕು, ಆದರೆ ಯಾವಾಗ?

ಕೇಳುಗರಿಗೆ ನಮಸ್ಕಾರ.

ಪ್ರತಿ ತಿಂಗಳ ಎರಡನೇ ಮಂಗಳವಾರ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್‌ಗೆ ಭದ್ರತಾ ಅಪ್‌ಡೇಟ್ ಬಿಡುತ್ತದೆ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳಿಗ್ಗೆ ಹತ್ತಾದಾಗ ನಮಗೆ ರಾತ್ರಿ ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ. ಹಾಗಾಗಿ ಬುಧವಾರ ಬೆಳಿಗ್ಗೆ ಸಕಲೇಶಪುರದ ಸೈಬರ್ ಅಂಗಡಿಯಲ್ಲೋ ಮೂಡಿಗೆರೆಯ ಎಸ್ಟೇಟ್ ಆಫೀಸಿನಲ್ಲೋ ಕಂಪ್ಯೂಟರ್ ಆನ್ ಮಾಡಿದರೆ ಅದು ಯಾರನ್ನೂ ಕೇಳದೆ ಡೌನ್‌ಲೋಡ್ ಶುರು ಮಾಡುತ್ತದೆ. ಪಹಣಿ ತೆಗೆಸಲು ಬಂದವರು ಬೆಂಚಿನ ಮೇಲೆ ಕೂತಿರುತ್ತಾರೆ, ಬಟವಾಡೆ ಪಟ್ಟಿ ಪ್ರಿಂಟ್ ಆಗಬೇಕಿರುತ್ತದೆ. ಹಾಟ್‌ಸ್ಪಾಟಿನ ಒಂದೂವರೆ ಜಿಬಿ ಮಧ್ಯಾಹ್ನದೊಳಗೇ ಖಾಲಿ.

ಸಿಟ್ಟು ಬಂದವರು ರಿಪೇರಿ ಅಂಗಡಿಗೆ ಹೋಗಿ, 'ಈ ಅಪ್‌ಡೇಟನ್ನೇ ಬಂದ್ ಮಾಡಿಕೊಡಿ' ಅನ್ನುತ್ತಾರೆ. ಅವರೂ ಮಾಡಿಕೊಡುತ್ತಾರೆ. ಅಪಾಯ ಇರುವುದೇ ಇಲ್ಲಿ. 2017ರ ಮಾರ್ಚ್ 14ರಂದು ವಿಂಡೋಸ್‌ನ ಒಂದು ದೊಡ್ಡ ಭದ್ರತಾ ತೂತಿಗೆ ಪ್ಯಾಚ್, ಅಂದರೆ ಅದನ್ನು ಮುಚ್ಚುವ ಅಪ್‌ಡೇಟ್, ಬಂದಿತ್ತು. ಮೇ 12ರಂದು ಅದೇ ತೂತಿನಿಂದ ವನ್ನಾಕ್ರೈ ವೈರಸ್ ನುಗ್ಗಿತು, ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿತು. ಯಾರೂ ಯಾವ ಲಿಂಕನ್ನೂ ಒತ್ತಬೇಕಿರಲಿಲ್ಲ. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ನೆಟ್‌ವರ್ಕಿನಲ್ಲಿ ತಾನಾಗಿಯೇ ಹರಡಿತು. ಬ್ರಿಟನ್ನಿನ ಹಲವು ಆಸ್ಪತ್ರೆಗಳು ಎಷ್ಟೋ ಕೆಲಸ ನಿಲ್ಲಿಸಬೇಕಾಯಿತು. ಪ್ಯಾಚ್ ಬಂದು ಎರಡು ತಿಂಗಳಾಗಿತ್ತು, ಹಾಕಿಕೊಂಡಿರಲಿಲ್ಲ, ಅಷ್ಟೆ.

ಹಾಗಂತ ಕಂಪನಿ ಕಳಿಸಿದ್ದನ್ನೆಲ್ಲ ಕಣ್ಣುಮುಚ್ಚಿ ಒಳಗೆ ಬಿಡಿ ಅನ್ನುವವರ ಮಾತನ್ನೂ ಒಪ್ಪುವಂತಿಲ್ಲ. 2018ರ ಅಕ್ಟೋಬರ್‌ನ ವಿಂಡೋಸ್ 10 ಅಪ್‌ಡೇಟ್ ಕೆಲವರ ಡಾಕ್ಯುಮೆಂಟುಗಳನ್ನೇ ಅಳಿಸಿಹಾಕಿತು. ಕಂಪನಿ ಹಂಚಿಕೆ ನಿಲ್ಲಿಸಬೇಕಾಯಿತು. 2016ರಲ್ಲಿ ಎಚ್‌ಪಿಯ ಕೆಲವು ಇಂಕ್‌ಜೆಟ್ ಪ್ರಿಂಟರುಗಳು, ಮೊದಲೇ ಬಂದಿದ್ದ ಒಂದು ಅಪ್‌ಡೇಟ್‌ನಿಂದಾಗಿ, ಬೇರೆ ಕಂಪನಿಯ ಕಾರ್ಟ್ರಿಜ್ ಬೇಡ ಅಂದವು. ಅದು ನಮ್ಮ ರಕ್ಷಣೆಗಾಗಿ ಅಂತ ಯಾರು ನಂಬುತ್ತಾರೆ? 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ಸಣ್ಣ ಅಪ್‌ಡೇಟ್ ಫೈಲು ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳನ್ನು ಕೆಲಸ ನಿಂತ ನೀಲಿ ಪರದೆಗೆ ತಳ್ಳಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. 'ಹೊಸ ಆವೃತ್ತಿ ತಡವಾಗಿ ಬರಲಿ' ಎಂದು ಸೆಟ್ ಮಾಡಿಟ್ಟಿದ್ದ ಸಂಸ್ಥೆಗಳೂ ಸಿಕ್ಕಿಬಿದ್ದವು. ಆ ಸೆಟ್ಟಿಂಗ್ ಆ ಬಗೆಯ ಫೈಲಿಗೆ ಅನ್ವಯಿಸುತ್ತಲೇ ಇರಲಿಲ್ಲ.

ಕಾಫಿ ಗಿಡಕ್ಕೆ ರೋಗ ತಡೆಯುವ ಬೋರ್ಡೊ ದ್ರಾವಣ ಬೇಡ ಅಂತ ಯಾವ ಬೆಳೆಗಾರರೂ ಹೇಳುವುದಿಲ್ಲ, ಆದರೆ ಮಳೆ ನೋಡಿಕೊಂಡೇ ಹೊಡೆಸುತ್ತಾರೆ. ಇಲ್ಲೂ ನಾವು ಕೈಯಲ್ಲಿ ಇಟ್ಟುಕೊಳ್ಳಬೇಕಾದದ್ದು ಆ ಸಮಯವನ್ನೇ.

ಮೊದಲು ಡೇಟಾ ಉಳಿಸಿಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಅಂಡ್ ಇಂಟರ್‌ನೆಟ್, ಅದರಲ್ಲಿ ವೈಫೈ, ನಿಮ್ಮ ಹಾಟ್‌ಸ್ಪಾಟಿನ ಪ್ರಾಪರ್ಟೀಸ್, ಅಲ್ಲಿ 'ಮೀಟರ್ಡ್ ಕನೆಕ್ಷನ್', ಅಂದರೆ ಡೇಟಾಕ್ಕೆ ಮಿತಿ ಇದೆ ಎಂಬ ಗುರುತು, ಆನ್ ಮಾಡಿ. ತೀರಾ ಅಗತ್ಯದ ಕೆಲವನ್ನು ಬಿಟ್ಟರೆ ಮಿಕ್ಕ ಅಪ್‌ಡೇಟ್ ಕಾಯುತ್ತವೆ. ಎಡವುವುದು ಎಲ್ಲಿ ಅಂದರೆ, ಈ ಸೆಟ್ಟಿಂಗ್ ಒಂದೊಂದು ನೆಟ್‌ವರ್ಕಿಗೂ ಬೇರೆ ಬೇರೆ. ಫೋನ್ ಬದಲಾಗಿ ಹಾಟ್‌ಸ್ಪಾಟಿನ ಹೆಸರು ಬದಲಾಯಿತೋ, ಮತ್ತೆ ಮಾಡಬೇಕು. ವಿಂಡೋಸ್ ಅಪ್‌ಡೇಟ್ ಪುಟದ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಡೆಲಿವರಿ ಆಪ್ಟಿಮೈಸೇಶನ್ ಎಂಬುದೂ ಇದೆ. ಅದನ್ನು ಇಂಟರ್‌ನೆಟ್‌ಗೆ ತೆರೆದಿಟ್ಟಿದ್ದರೆ ನೀವು ಇಳಿಸಿಕೊಂಡ ಅಪ್‌ಡೇಟ್ ಬೇರೆಯವರ ಕಂಪ್ಯೂಟರಿಗೆ ನಿಮ್ಮ ಡೇಟಾದಲ್ಲೇ ಹೋಗುತ್ತದೆ. ಆಫೀಸಿನಲ್ಲಿ ನಾಲ್ಕಾರು ಕಂಪ್ಯೂಟರ್ ಇದ್ದರೆ 'ಲೋಕಲ್ ನೆಟ್‌ವರ್ಕ್' ಮಾತ್ರ ಆರಿಸಿ, ಒಬ್ಬರು ಇಳಿಸಿದ್ದು ಉಳಿದವರಿಗೂ ಸಿಗುತ್ತದೆ.

ಅಲ್ಲೇ 'ಆಕ್ಟಿವ್ ಅವರ್ಸ್' ಇದೆ, ದಿನಕ್ಕೆ ಗರಿಷ್ಠ 18 ಗಂಟೆ. ಆ ಹೊತ್ತಿನಲ್ಲಿ ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆಗುವುದಿಲ್ಲ. 'ಪಾಜ್ ಅಪ್‌ಡೇಟ್ಸ್' ಒತ್ತಿ 35 ದಿನದವರೆಗೆ ತಡೆಯಬಹುದು. ಅವಧಿ ಮುಗಿದರೆ ಬಾಕಿಯದ್ದನ್ನು ಹಾಕಿಕೊಂಡ ಮೇಲೆಯೇ ಮತ್ತೆ ಪಾಜ್ ಮಾಡಬಹುದು. ಒಂದು ವಾರ ತಡೆದು, ಯಾರಿಗೂ ತೊಂದರೆಯಾದ ಸುದ್ದಿ ಇಲ್ಲದಿದ್ದರೆ ಹಾಕಿಕೊಳ್ಳುವುದು ಸರಿಯಾದ ಕ್ರಮ. ವಿಂಡೋಸ್‌ನ ಪ್ರೊ ಆವೃತ್ತಿಯಲ್ಲಿ ಗ್ರೂಪ್ ಪಾಲಿಸಿ ಎಂಬ ಹೆಚ್ಚುವರಿ ಸೆಟ್ಟಿಂಗ್ ಪುಟದ ಮೂಲಕ ಡೌನ್‌ಲೋಡಿಗೂ ಮೊದಲು ನಿಮ್ಮನ್ನು ಕೇಳುವಂತೆ ಮಾಡಬಹುದು. ಹೋಮ್ ಆವೃತ್ತಿಯವರಿಗೆ ಆ ಗ್ರೂಪ್ ಪಾಲಿಸಿ ಪುಟವೇ ಇಲ್ಲ. ದುಡ್ಡು ಕೊಟ್ಟು ಕೊಂಡ ಕಂಪ್ಯೂಟರಿನಲ್ಲಿ ನಮ್ಮನ್ನು ಕೇಳಲಿ ಅನ್ನುವುದಕ್ಕೂ ಇನ್ನಷ್ಟು ದುಡ್ಡು ಕೊಡಬೇಕೆನ್ನುವುದು ಅನ್ಯಾಯವೇ.

ಇನ್ನು ಕರೆಂಟಿನ ವಿಷಯ. ಆಷಾಢದ ಗಾಳಿಮಳೆಗೆ ಮಲೆನಾಡಿನಲ್ಲಿ ಮರ ಬಿದ್ದು ಲೈನ್ ಹೋಗುವುದು ಮಾಮೂಲು. ಪರದೆಯ ಮೇಲೆ ಶೇಕಡಾ 30 ಅಂತ ಓಡುತ್ತಿರುವಾಗ ಕರೆಂಟು ಹೋದರೆ, ಮುಂದಿನ ಸಲ ಆನ್ ಮಾಡಿದಾಗ 'ಅಂಡೂಯಿಂಗ್ ಚೇಂಜಸ್' ಅಂತ ಬರಬಹುದು. ಅಂದರೆ ಹಾಕಿದ್ದನ್ನು ಹಿಂದಕ್ಕೆ ತೆಗೆಯುತ್ತಿದೆ. ಅರ್ಧ ಗಂಟೆಗೂ ಮೀರಬಹುದು, ಸುಮ್ಮನೆ ಬಿಡಿ. ತಾಳ್ಮೆಗೆಟ್ಟು ಪವರ್ ಬಟನ್ ಒತ್ತಿ ಹಿಡಿದವರೇ ಕೆಡಿಸಿಕೊಳ್ಳುವುದು. ಅನಂತರವೂ ವಿಂಡೋಸ್ ಏಳದಿದ್ದರೆ ಸಾಮಾನ್ಯವಾಗಿ ರಿಪೇರಿ ಪುಟ ತಾನೇ ಬರುತ್ತದೆ. ಅದರಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್. ಡೆಸ್ಕ್‌ಟಾಪಿನ ಸಣ್ಣ ಯುಪಿಎಸ್ ನಂಬಿ ಅಪ್‌ಡೇಟ್ ಶುರು ಮಾಡಬೇಡಿ, ಅದು ಫೈಲ್ ಸೇವ್ ಮಾಡಿ ಆಫ್ ಮಾಡುವಷ್ಟು ಹೊತ್ತಿಗೆ ಮಾತ್ರ. ಮನೆಯ ಇನ್ವರ್ಟರ್ ಲೈನಿಗೆ ಹಾಕುವುದಾದರೆ ಅದರ ಸ್ವಿಚ್ ಯುಪಿಎಸ್ ಮೋಡಿನಲ್ಲಿರಲಿ. ಇಲ್ಲದಿದ್ದರೆ ಲೈನ್ ಬದಲಾಗುವ ಕ್ಷಣದಲ್ಲೇ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು. ಬಯಾಸ್, ಅಂದರೆ ವಿಂಡೋಸ್‌ಗೂ ಮೊದಲು ಕಂಪ್ಯೂಟರನ್ನು ಎಬ್ಬಿಸುವ ಮದರ್‌ಬೋರ್ಡಿನ ತಂತ್ರಾಂಶ, ಅದರ ಅಪ್‌ಡೇಟ್ ಇದಕ್ಕಿಂತ ನಾಜೂಕು. ಅದು ಅರ್ಧಕ್ಕೆ ನಿಂತರೆ ಮದರ್‌ಬೋರ್ಡೇ ಹೋಗಬಹುದು. ಲ್ಯಾಪ್‌ಟಾಪ್ ಬ್ಯಾಟರಿ ತುಂಬಿರಲಿ, ಚಾರ್ಜರ್ ಸಿಕ್ಕಿಸಿರಲಿ, ಗುಡುಗು ಮಿಂಚಿನ ಸಂಜೆ ಬೇಡವೇ ಬೇಡ.

ಬಯಾಸ್ ಬದಲಾದ ಮೇಲೆ ಕೆಲವು ಲ್ಯಾಪ್‌ಟಾಪುಗಳು ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ 48 ಅಂಕಿಯ ರಿಕವರಿ ಕೀ ಕೇಳುತ್ತವೆ. ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆಗಿದ್ದರೆ ಕೀ ಸಾಮಾನ್ಯವಾಗಿ ಆ ಅಕೌಂಟಿನಲ್ಲಿರುತ್ತದೆ. ಕಂಪ್ಯೂಟರ್ ಕೊಂಡ ದಿನ ಅಂಗಡಿಯವರೋ ಅಳಿಯನೋ ತೆರೆದುಕೊಟ್ಟ ಆ ಇಮೇಲಿನ ಪಾಸ್‌ವರ್ಡ್ ಯಾರಿಗೆ ನೆನಪಿದೆ? ಈ ವಾರವೇ ಹುಡುಕಿ, ಕೀಯನ್ನು ಕಾಗದದಲ್ಲಿ ಬರೆದು ಆಸ್ತಿ ಪತ್ರಗಳ ಜೊತೆ ಇಡಿ. ಕೀ ಸಿಗದಿದ್ದರೆ, ಬ್ಯಾಕಪ್ಪೂ ಇಲ್ಲದಿದ್ದರೆ, ಡಿಸ್ಕಿನಲ್ಲಿದ್ದದ್ದು ಹೋದ ಹಾಗೆಯೇ.

ವಿಂಡೋಸ್ ಬದಲು ಉಬುಂಟು ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಬಳಸುವವರಿಗೆ ಹತೋಟಿ ಹೆಚ್ಚು. ಭದ್ರತಾ ಪ್ಯಾಚ್ ತಾನಾಗಿ ಬರುತ್ತದೆ, ಆದರೆ ಡೀಫಾಲ್ಟ್ ಸೆಟ್ಟಿಂಗಿನಲ್ಲಿ ಕೇಳದೆ ರೀಸ್ಟಾರ್ಟ್ ಮಾಡುವುದಿಲ್ಲ. ಅಲ್ಲಿ ಸ್ನ್ಯಾಪ್ ಎಂಬ ರೂಪದಲ್ಲಿ ಬರುವ ತಂತ್ರಾಂಶಗಳು ದಿನಕ್ಕೆ ನಾಲ್ಕು ಸಲ ಅಪ್‌ಡೇಟ್ ಹುಡುಕುತ್ತವೆ. ಡೇಟಾ ಕಮ್ಮಿ ಇರುವವರು 'ಸ್ನ್ಯಾಪ್ ರಿಫ್ರೆಶ್' ಕಮಾಂಡಿಗೆ 'ಹೋಲ್ಡ್' ಸೇರಿಸಿ ತಡೆಯಬಹುದು.

ಕೊನೆಗೆ ಹಳೆಯ ಯಂತ್ರಗಳು. ವಿಂಡೋಸ್ 7ಕ್ಕೆ 2020ರ ಜನವರಿ 14ರಂದೇ ಬೆಂಬಲ ನಿಂತಿತು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು. ಹಾಸನ, ಚಿಕ್ಕಮಗಳೂರಿನ ಡಿಟಿಪಿ ಅಂಗಡಿಗಳಲ್ಲಿ ಪುಟ ಜೋಡಿಸುವ ಪೇಜ್‌ಮೇಕರ್ ಮತ್ತು ಕನ್ನಡ ಟೈಪಿಂಗಿನ ನುಡಿ ತಂತ್ರಾಂಶ ಇರುವ ಹಳೆಯ ಕಂಪ್ಯೂಟರಿನಲ್ಲೇ ಲಗ್ನಪತ್ರಿಕೆ ತಯಾರಾಗುತ್ತಿದ್ದರೆ ಅದನ್ನು ಬದಲಿಸಿ ಅಂತ ಹೇಳುವುದಿಲ್ಲ. ನೆಟ್ಟಿನ ಕೇಬಲ್ ಕಿತ್ತುಬಿಡಿ, ವೈಫೈ ಆಫ್ ಮಾಡಿ. ಗಿರಾಕಿಯ ಪೆನ್‌ಡ್ರೈವನ್ನು ಮೊದಲು ಬೇರೆ ಕಂಪ್ಯೂಟರಿನಲ್ಲಿ ಸ್ಕ್ಯಾನ್ ಮಾಡಿ. ಬ್ಯಾಂಕಿನ ಕೆಲಸ, ಇಮೇಲು, ಆಧಾರ್ ಪ್ರಿಂಟು ಇವು ಯಾವುವೂ ಆ ಯಂತ್ರದಲ್ಲಿ ಬೇಡ.

ನಮಸ್ಕಾರ.