ಸಂಘದ ಸಂದೇಶಕ್ಕೊಂದು ಗಟ್ಟಿ ಲಿಂಕ್

ಕೇಳುಗರೆಲ್ಲರಿಗೂ ನಮಸ್ಕಾರ.

ಮುಂಬಯಿಯಲ್ಲಿ ಕನ್ನಡದ ಕಾರ್ಯಕ್ರಮಗಳಿಗೆ ಬರವಿಲ್ಲ. ವಾರಾಂತ್ಯ ಬಂತೆಂದರೆ ಮಾಟುಂಗದಲ್ಲೋ ಗೋರೆಗಾಂವ್‌ನಲ್ಲೋ ಡೊಂಬಿವಲಿಯಲ್ಲೋ ಒಂದು ತಾಳಮದ್ದಳೆ, ಒಂದು ಪುಸ್ತಕ ಬಿಡುಗಡೆ, ಒಂದು ಉಪನ್ಯಾಸ ಇದ್ದೇ ಇರುತ್ತದೆ. ಮಳೆಗಾಲದಲ್ಲಿ ಊರಿನಿಂದ ಯಕ್ಷಗಾನ ಕಲಾವಿದರೂ ಬರುತ್ತಾರೆ. ಈ ಸುದ್ದಿಯನ್ನು ಅನೇಕ ಸಂಘಗಳು ಈಗ ಟ್ವಿಟರ್‌ನಂಥ ಮೈಕ್ರೋಬ್ಲಾಗ್‌ನಲ್ಲಿ ನಾಲ್ಕು ಸಾಲು ಬರೆದು, ಕೊನೆಗೆ ಒಂದು ಲಿಂಕ್ ಹಾಕಿ ಮುಗಿಸುತ್ತವೆ. ಆ ಲಿಂಕ್‌ನಿಂದ ಇನ್ನೂ ಬಹಳ ಕೆಲಸ ತೆಗೆಯಬಹುದು. ಅದನ್ನು ಒತ್ತಿದವರಿಗೆ ಕಾರ್ಯಕ್ರಮ ಕ್ಯಾಲೆಂಡರಿನಲ್ಲಿ ಕೂರಬೇಕು, ಸಭಾಗೃಹದ ಗೇಟು ನಕಾಶೆಯಲ್ಲಿ ಕಾಣಬೇಕು, ಮಳೆ ಬಂದು ದಿನ ಬದಲಾದರೆ ಹಳೆಯ ಲಿಂಕೇ ಹೊಸ ದಿನವನ್ನು ತೋರಿಸಬೇಕು. ಇದು ಹೇಗೆ, ಎಲ್ಲಿ ಕೈಕೊಡುತ್ತದೆ ಎಂಬುದೇ ಇವತ್ತಿನ ಮಾತು.

ಮೊದಲು ಯಾವ ಸೇವೆ ಎಂಬ ಪ್ರಶ್ನೆ. ಟ್ವಿಟರ್ 2006ರಲ್ಲಿ ಬಂತು. ಹೊರಗಿನವರು ಬರೆದ ಪ್ರೋಗ್ರಾಂಗಳು ಒಳಗೆ ಬರಲು ಎಪಿಐ ಎಂಬ ಬಾಗಿಲನ್ನು ಅದೇ ವರ್ಷ ತೆರೆಯಿತು. ಆ ಬಾಗಿಲಿನಿಂದ ಬಂದ ಆ್ಯಪ್‌ಗಳೇ ಅದನ್ನು ಬೆಳೆಸಿದವು ಎಂದರೆ ತಪ್ಪಿಲ್ಲ. ಆದರೆ 2023ರ ಜನವರಿಯಲ್ಲಿ ಹೊರಗಿನ ಆ್ಯಪ್‌ಗಳಿಗೆ ಅದೇ ಬಾಗಿಲು ಮುಚ್ಚಿತು. ಮೊದಲು ಕನ್ನಡದಲ್ಲೇ ಶುರುವಾದ, ಬೆಂಗಳೂರಿನ ಇಂಥದೇ ಸೇವೆಯಾದ ಕೂ 2020ರಲ್ಲಿ ಬಂದು 2024ರ ಜುಲೈಯಲ್ಲಿ ನಿಂತಿತು. ಗೂಗಲ್‌ನ ಲಿಂಕ್ ಮೊಟಕುಗೊಳಿಸುವ ಸೇವೆ 2019ರ ಮಾರ್ಚ್ ಕೊನೆಗೆ ಹೊಸ ಲಿಂಕ್ ಕೊಡುವುದನ್ನು ನಿಲ್ಲಿಸಿತು. ಹಾಗಾಗಿ ಲಿಂಕ್ ಸಂಘದ ಸ್ವಂತ ಡೊಮೇನಿನಲ್ಲಿರಲಿ, ಅಂದರೆ ಸಂಘವೇ ಪಡೆದ ಜಾಲತಾಣದ ಹೆಸರಿನಲ್ಲಿರಲಿ, ಸೇವೆ ಬದಲಾದರೂ ನಡೆಯುವಂತಿರಲಿ. ಉದಾಹರಣೆಗೆ ಇವತ್ತು ಎರಡು ಸೇವೆಗಳನ್ನು ತೆಗೆದುಕೊಳ್ಳುತ್ತೇನೆ. ಒಂದು ಮಾಸ್ಟೊಡಾನ್, ಇನ್ನೊಂದು ಬ್ಲೂಸ್ಕೈ. ಎರಡರ ನಿಯಮಗಳೂ ಬಹಿರಂಗವಾಗಿವೆ, ಯಾರು ಬೇಕಾದರೂ ಅವಕ್ಕೆ ಜೋಡಿಸುವ ಪ್ರೋಗ್ರಾಂ ಬರೆಯಬಹುದು.

ಈಗ ಲಿಂಕ್ ಕಟ್ಟುವ ಕೆಲಸ. ಸಂಘದ ಡೊಮೇನಿನಲ್ಲಿ ಪ್ರತಿ ಕಾರ್ಯಕ್ರಮಕ್ಕೂ ಒಂದು ಚಿಕ್ಕ ವಿಳಾಸ ಇಟ್ಟುಕೊಳ್ಳಿ. ಡೊಮೇನ್ ಆದಮೇಲೆ ಓರೆಗೆರೆ, ಆಮೇಲೆ ಒಂದು ಚಿಕ್ಕ ಪದ, ಅಷ್ಟೇ. ಆ ಪದ ರೋಮನ್ ಲಿಪಿಯಲ್ಲಿರುವುದು ಮೇಲು. ಕನ್ನಡದ ಮೇಲೆ ಪ್ರೀತಿ ಇಲ್ಲವೆಂದಲ್ಲ, ಲೆಕ್ಕ ಹಾಗಿದೆ. ಯುನಿಕೋಡ್‌ನಲ್ಲಿ ‘ಮಾಟುಂಗ’ ಎಂದರೆ ಆರು ಸಂಕೇತ, ಕಂಪ್ಯೂಟರಿಗೆ ಪ್ರತಿ ಅಕ್ಷರವೂ ಗುಣಿತದ ಚಿಹ್ನೆಯೂ ಬೇರೆಬೇರೆ ಸಂಕೇತ. ಮ, ಅದರ ದೀರ್ಘ, ಟ, ಅದರ ಕೊಂಬು, ಸೊನ್ನೆ, ಗ. ವಿಳಾಸದಲ್ಲಿ ಪ್ರತಿ ಸಂಕೇತವೂ ಶೇಕಡಾ ಚಿಹ್ನೆಗಳೊಂದಿಗೆ ಒಂಬತ್ತು ಅಕ್ಷರವಾಗಿ ಬಿಚ್ಚಿಕೊಳ್ಳುತ್ತದೆ. ಆರಕ್ಕೆ ಐವತ್ನಾಲ್ಕು. ಮಾಸ್ಟೊಡಾನ್ ಎಷ್ಟೇ ಉದ್ದದ ಲಿಂಕನ್ನೂ 23 ಅಕ್ಷರ ಎಂದೇ ಎಣಿಸುವುದರಿಂದ ಅಲ್ಲಿನ 500 ಅಕ್ಷರದ ಮಿತಿಗೆ ತೊಂದರೆಯಿಲ್ಲ. ಆದರೆ ಜನ ಅದನ್ನೇ ನಕಲು ಮಾಡಿ ವಾಟ್ಸಾಪ್‌ಗೆ ಹಾಕಿದಾಗ ಆ ಉದ್ದನೆಯ ಸಾಲು ಕಂಡು ಇದೇನೋ ಮೋಸದ ಲಿಂಕ್ ಎಂದು ಹೆದರುತ್ತಾರೆ.

ಚಿಕ್ಕ ವಿಳಾಸವನ್ನು ಒತ್ತಿದವರನ್ನು ಸರ್ವರ್ ಪೂರ್ತಿ ಪುಟಕ್ಕೆ ಕಳಿಸುತ್ತದೆ. ಹಾಗೆ ಕಳಿಸುವಾಗ ಒಂದು ಸಂಖ್ಯೆ ಹೇಳುತ್ತದೆ. 301 ಎಂದರೆ ಶಾಶ್ವತವಾಗಿ ಅಲ್ಲಿಗೆ ಹೋಯಿತು ಎಂದು, 302 ಎಂದರೆ ಸದ್ಯಕ್ಕೆ ಅಲ್ಲಿದೆ ಎಂದು. ಕಾರ್ಯಕ್ರಮದ ಲಿಂಕ್‌ಗೆ 302 ಕೊಡಿ. 301 ಕೊಟ್ಟರೆ ಬ್ರೌಸರ್ ಆ ಉತ್ತರವನ್ನು ನೆನಪಿಟ್ಟುಕೊಂಡು, ಮುಂದಿನ ಸಲ ನಿಮ್ಮ ಸರ್ವರನ್ನು ಕೇಳದೆಯೇ ಹಳೆಯ ಪುಟಕ್ಕೆ ಹೋಗುತ್ತದೆ. ಜುಲೈ ತಿಂಗಳ ಮಳೆಗೆ ಲೋಕಲ್ ಗಾಡಿ ನಿಂತು ಸಭೆ ಮುಂದಕ್ಕೆ ಹೋದಾಗ ನೀವು ಪುಟ ಬದಲಿಸಿರುತ್ತೀರಿ, ಮೊದಲೇ ಒತ್ತಿ ನೋಡಿದ್ದವರಿಗೆ ಮಾತ್ರ ಹಳೆಯ ಪುಟವೇ ಬರುತ್ತಿರುತ್ತದೆ. ತಪ್ಪು ಎಲ್ಲಿದೆ ಎಂದು ಹುಡುಕಿದರೂ ಸಿಗದು. ನಿಮ್ಮ ಫೋನಿನಲ್ಲಿ ಸರಿಯಾಗಿಯೇ ಕಾಣಬಹುದು.

ಇನ್ನು ಲಿಂಕ್ ಕೆಳಗೆ ಬರುವ ಕಾರ್ಡ್. ಚಿತ್ರ, ತಲೆಬರಹ, ಒಂದೆರಡು ಸಾಲಿನ ವಿವರ ಇರುವ ಚೌಕ. ಇದು ಬರಬೇಕಾದರೆ ಪುಟದ ತಲೆಭಾಗದಲ್ಲಿ ಓಪನ್ ಗ್ರಾಫ್ ಎಂಬ, ಓದುಗರಿಗೆ ಕಾಣದ ಮೆಟಾ ಟ್ಯಾಗ್‌ಗಳಿರಬೇಕು. ಓಜಿ ಟೈಟಲ್, ಓಜಿ ಡಿಸ್ಕ್ರಿಪ್ಷನ್, ಓಜಿ ಇಮೇಜ್, ಓಜಿ ಯುಆರ್‌ಎಲ್ ಈ ನಾಲ್ಕು ಸಾಕು. ಚಿತ್ರ 1200 ಪಿಕ್ಸೆಲ್ ಅಗಲ, 630 ಎತ್ತರ ಇರಲಿ, ತೂಕ ಒಂದು ಮೆಗಾಬೈಟ್‌ಗಿಂತ ಕಡಿಮೆ ಇರಲಿ. ಚಿತ್ರದ ವಿಳಾಸವನ್ನು ಎಚ್‌ಟಿಟಿಪಿಎಸ್‌ನಿಂದ ಹಿಡಿದು ಪೂರ್ತಿ ಬರೆಯಿರಿ, ಅರ್ಧ ವಿಳಾಸ ಕೊಟ್ಟರೆ ಚಿತ್ರ ಬಾರದಿರಬಹುದು. ಪುಟವನ್ನು ಜಾವಾಸ್ಕ್ರಿಪ್ಟ್ ಬಂದಮೇಲೆ ತುಂಬಿಸುವ ರೀತಿಯಲ್ಲಿ ಕಟ್ಟಿದ್ದರೂ ಕಾರ್ಡ್ ಬಾರದು. ಕಾರ್ಡ್‌ಗಾಗಿ ಬರುವ ಪ್ರೋಗ್ರಾಂ ಸರ್ವರ್ ಮೊದಲು ಕಳಿಸಿದ ಬರಹವನ್ನಷ್ಟೇ ಓದಿ ಹೋಗುತ್ತದೆ.

ಸಂಘಗಳು ಇಲ್ಲಿ ಒಂದು ಅಭ್ಯಾಸ ಬಿಡಬೇಕು. ಆಮಂತ್ರಣ ಪತ್ರಿಕೆಯ ಫೋಟೊವನ್ನು ಸಂದೇಶಕ್ಕೆ ಅಂಟಿಸಿ, ಜೊತೆಗೆ ಲಿಂಕನ್ನೂ ಕೊಡುವುದು ರೂಢಿ. ಮಾಸ್ಟೊಡಾನ್‌ನಲ್ಲಿ ಫೋಟೊ ಅಂಟಿಸಿದ ಸಂದೇಶಕ್ಕೆ ಕಾರ್ಡ್ ಕಾಣಿಸುವುದಿಲ್ಲ. ಬ್ಲೂಸ್ಕೈಯಲ್ಲೂ ಚಿತ್ರ ಅಥವಾ ಕಾರ್ಡ್, ಒಂದೇ ಆಯ್ಕೆ. ನಾನು ಹೇಳುವುದು ಕಾರ್ಡನ್ನೇ ಆರಿಸಿ, ಆಮಂತ್ರಣದ ಚಿತ್ರವನ್ನು ಓಜಿ ಇಮೇಜ್‌ನಲ್ಲಿ ಇಡಿ ಎಂದು. ಆಗ ಚಿತ್ರವನ್ನು ಒತ್ತಿದರೂ ಪುಟಕ್ಕೇ ಹೋಗುತ್ತಾರೆ. ದಿನ, ವೇಳೆ, ಸ್ಥಳ ಈ ಮೂರನ್ನು ಮಾತ್ರ ಸಂದೇಶದ ಒಳಗೇ ಅಕ್ಷರದಲ್ಲಿ ಬರೆಯಲೇಬೇಕು. ಕಣ್ಣು ಕಾಣದವರ ಫೋನು ಓದಿ ಹೇಳುವುದು ಅದನ್ನೇ.

ಕಾರ್ಡ್ ತರುವ ರೀತಿಯಲ್ಲಿ ಎರಡೂ ಸೇವೆಗಳು ಬೇರೆ. ಮಾಸ್ಟೊಡಾನ್ ಒಂದೇ ಕಂಪನಿಯದಲ್ಲ, ಸಾವಿರಾರು ಸರ್ವರುಗಳ ಜಾಲ. ನಿಮ್ಮ ಸಂದೇಶ ತಲುಪಿದ ಪ್ರತಿಯೊಂದು ಸರ್ವರೂ ತಾನೇ ಬಂದು ನಿಮ್ಮ ಪುಟವನ್ನು ಓದುತ್ತದೆ. ಸಂದೇಶ ಹೊರಟ ಮೊದಲ ನಿಮಿಷದಲ್ಲಿ ಚಿಕ್ಕ ಜಾಲತಾಣಕ್ಕೆ ಒಮ್ಮೆಲೇ ಮುಗಿಬೀಳುತ್ತವೆ. ಪುಟವನ್ನು ಮೊದಲೇ ಸಿದ್ಧ ಎಚ್‌ಟಿಎಂಎಲ್ ಕಡತವಾಗಿ ಇಟ್ಟಿದ್ದರೆ ಕಡಿಮೆ ದುಡ್ಡಿನ ಹೋಸ್ಟಿಂಗ್ ಕೂಡ ತಡೆದುಕೊಳ್ಳುತ್ತದೆ. ಪ್ರತಿ ಸಲ ಡೇಟಾಬೇಸ್ ಕೇಳಿ ಕಟ್ಟುವ ಪುಟವಾದರೆ ಏದುಸಿರು ಬಿಡುತ್ತದೆ. ಒಮ್ಮೆ ತಂದ ಕಾರ್ಡನ್ನು ಆ ಸರ್ವರುಗಳು ಕೆಲಕಾಲ ಇಟ್ಟುಕೊಳ್ಳುತ್ತವೆ, ಹಾಗಾಗಿ ತಲೆಬರಹದಲ್ಲಿ ತಪ್ಪಿದ್ದರೆ ಪುಟ ತಿದ್ದಿದರೂ ಕಾರ್ಡ್ ಕೂಡಲೇ ತಿದ್ದಿಕೊಳ್ಳದು. ಮುಂದಿನ ಸಂದೇಶದಲ್ಲಿ ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಇಂಗ್ಲಿಷಿನ ವಿ ಅಕ್ಷರ, ಸಮ ಚಿಹ್ನೆ, 2 ಇವನ್ನು ಸೇರಿಸಿ. ಅದನ್ನು ಹೊಸ ವಿಳಾಸವೆಂದೇ ತಿಳಿದು ಹೊಸ ಕಾರ್ಡ್ ತರುತ್ತವೆ.

ಬ್ಲೂಸ್ಕೈ ಹಾಗಲ್ಲ. ಆ್ಯಪ್‌ನಲ್ಲಿ ಕೈಯಿಂದ ಬರೆದಾಗ ಆ್ಯಪ್ ಕಾರ್ಡ್ ಸಿದ್ಧಮಾಡಿ ಕೊಡುತ್ತದೆ. ನಿಮ್ಮದೇ ಪ್ರೋಗ್ರಾಂ ಸಂದೇಶ ಕಳಿಸುವುದಾದರೆ ತಲೆಬರಹ, ವಿವರ, ಚಿತ್ರ ಎಲ್ಲವನ್ನೂ ಆ ಪ್ರೋಗ್ರಾಮೇ ಜೋಡಿಸಬೇಕು. ಅಷ್ಟೇ ಅಲ್ಲ, ಪಠ್ಯದಲ್ಲಿರುವ ವಿಳಾಸ ಒತ್ತುವಂತಾಗಬೇಕಾದರೂ ಪಠ್ಯದ ಯಾವ ಭಾಗ ಲಿಂಕ್ ಎಂದು ಅದೇ ಹೇಳಬೇಕು. ಕನ್ನಡದವರು ಎಡವುವುದು ಹೆಚ್ಚಾಗಿ ಇಲ್ಲೇ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಲಿಂಕ್ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಬ್ಲೂಸ್ಕೈ ಅಕ್ಷರದಲ್ಲಿ ಅಳೆಯುವುದಿಲ್ಲ, ಸಂಕೇತಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ರೀತಿಯಾದ ಯುಟಿಎಫ್-8ರ ಬೈಟ್‌ನಲ್ಲಿ ಅಳೆಯುತ್ತದೆ. ಇಂಗ್ಲಿಷ್ ಅಕ್ಷರ ಒಂದು ಬೈಟ್. ಕನ್ನಡದ ಪ್ರತಿ ಸಂಕೇತವೂ ಮೂರು ಬೈಟ್. ಈಗ ‘ವಿವರ ಇಲ್ಲಿ’ ಎಂಬ ಪಠ್ಯದಲ್ಲಿ ‘ಇಲ್ಲಿ’ ಮಾತ್ರ ಲಿಂಕ್ ಆಗಬೇಕು ಅನ್ನಿ. ‘ವಿವರ’ದಲ್ಲಿ ವ, ಗುಡಿಸು, ವ, ರ ಹೀಗೆ ನಾಲ್ಕು ಸಂಕೇತ, ಹನ್ನೆರಡು ಬೈಟ್. ಆಮೇಲಿನ ಖಾಲಿ ಜಾಗ ಒಂದು ಬೈಟ್. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ‘ಇಲ್ಲಿ’ಯ ಆರಂಭ 13. ‘ಇಲ್ಲಿ’ಯಲ್ಲಿ ಇ, ಲ, ಒತ್ತು ಕೂಡಿಸುವ ವಿರಾಮ ಚಿಹ್ನೆ, ಇನ್ನೊಂದು ಲ, ಗುಡಿಸು ಸೇರಿ ಐದು ಸಂಕೇತ, ಹದಿನೈದು ಬೈಟ್. ಅಂತ್ಯ 28. ಸರಿಯಾದ ಉತ್ತರ 13 ಮತ್ತು 28. ಜಾವಾಸ್ಕ್ರಿಪ್ಟ್‌ನಲ್ಲೋ ಪೈಥಾನ್‌ನಲ್ಲೋ ಪಠ್ಯದೊಳಗೆ ಪದದ ಸ್ಥಾನ ಕೇಳಿದರೆ ಸಿಗುವುದು 5 ಮತ್ತು 10. ಅದನ್ನೇ ಕಳಿಸಿದರೆ ಲಿಂಕ್ ಮೊದಲ ಗುಡಿಸಿನ ಕೊನೆಯ ಬೈಟ್‌ನಲ್ಲಿ ಶುರುವಾಗಿ, ‘ರ’ದ ಮೊದಲ ಬೈಟ್‌ನಲ್ಲಿ ಕಡಿದುಹೋಗುತ್ತದೆ. ಪೂರ್ತಿ ಇಂಗ್ಲಿಷ್ ಸಂದೇಶದಲ್ಲಿ ಪರೀಕ್ಷೆ ಮಾಡಿದವರಿಗೆ ಈ ದೋಷ ಕಾಣುವುದೇ ಇಲ್ಲ, ಅಲ್ಲಿ ಎರಡೂ ಲೆಕ್ಕ ಒಂದೇ.

ಪರಿಹಾರ ಸುಲಭ. ಲಿಂಕ್‌ಗೆ ಮುಂಚಿನ ಪಠ್ಯವನ್ನು ಬೇರೆ ತೆಗೆದು, ಯುಟಿಎಫ್-8ಕ್ಕೆ ಪರಿವರ್ತಿಸಿ, ಅದರ ಬೈಟ್‌ಗಳನ್ನು ಎಣಿಸಿ. ಅದೇ ಆರಂಭ. ಲಿಂಕ್ ಆಗಬೇಕಾದ ಪದವನ್ನೂ ಹಾಗೆಯೇ ಎಣಿಸಿ ಕೂಡಿಸಿದರೆ ಅಂತ್ಯ. ಬ್ಲೂಸ್ಕೈಯವರದೇ ಜಾವಾಸ್ಕ್ರಿಪ್ಟ್ ಲೈಬ್ರರಿ ಬಳಸಿದರೆ ಪಠ್ಯದಲ್ಲಿರುವ ವಿಳಾಸಗಳನ್ನು ಅದೇ ಗುರುತಿಸಿ ಈ ಲೆಕ್ಕ ಹಾಕಿಕೊಡುತ್ತದೆ. ‘ರಾಜ್‌ಕುಮಾರ್’ ಎಂಬಂಥ ಪದಗಳಲ್ಲಿ ಒತ್ತಕ್ಷರ ಕೂಡದಂತೆ ನಡುವೆ ಹಾಕುವ ಕಾಣದ ಸಂಕೇತವೂ ಮೂರು ಬೈಟ್ ತಿನ್ನುತ್ತದೆ, ಕಣ್ಣಳತೆಯ ಲೆಕ್ಕ ಬೇಡ.

ಬೈಟ್‌ನ ಇದೇ ತೊಡಕು ಕ್ಯಾಲೆಂಡರಿನಲ್ಲೂ ಇದೆ. ಕಾರ್ಯಕ್ರಮದ ಪುಟದಲ್ಲಿ ಐಸಿಎಸ್ ಎಂಬ ಚಿಕ್ಕ ಕಡತ ಇಟ್ಟರೆ, ಒತ್ತಿದವರ ಫೋನಿನ ಕ್ಯಾಲೆಂಡರಿಗೆ ಸಭೆ ಸೇರುತ್ತದೆ. ಆ ಕಡತದ ನಿಯಮದಂತೆ ಒಂದು ಸಾಲು 75 ಬೈಟ್ ಮೀರಬಾರದು. ಕನ್ನಡದಲ್ಲಿ ಅದು ಬರೀ 25 ಸಂಕೇತ. ಹೆಚ್ಚಾದರೆ ಸಾಲು ಮುರಿದು, ಮುಂದಿನ ಸಾಲನ್ನು ಒಂದು ಖಾಲಿ ಜಾಗದಿಂದ ಆರಂಭಿಸಬೇಕು. ಸಂಕೇತದ ನಟ್ಟನಡುವೆ ಮುರಿದರೆ ಕೆಲವು ಫೋನುಗಳಲ್ಲಿ ಆ ಜಾಗದಲ್ಲಿ ಪ್ರಶ್ನೆಚಿಹ್ನೆಯ ಚೌಕ ಕಾಣುತ್ತದೆ. ಅದಕ್ಕಿಂತ ಕೆಟ್ಟದ್ದು ವೇಳೆಯ ತಪ್ಪು. ಸಂಜೆ 6 ಗಂಟೆಯ ಸಭೆಯನ್ನು 18, ಸೊನ್ನೆ ಸೊನ್ನೆ ಎಂದು ಬರೆದು ಕೊನೆಗೆ ಜೆಡ್ ಅಕ್ಷರ ಹಾಕಿದರೆ ಅದು ಯುಟಿಸಿ ಎಂಬ ಜಾಗತಿಕ ವೇಳೆಯಾಗುತ್ತದೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಒತ್ತಿದವರ ಕ್ಯಾಲೆಂಡರಿನಲ್ಲಿ ಸಭೆ ರಾತ್ರಿ 11:30ಕ್ಕೆ ಕೂರುತ್ತದೆ! ಜೆಡ್ ಇರಬೇಕಾದರೆ 12:30 ಎಂದು ಬರೆಯಬೇಕು. ಪ್ರತಿ ಕಾರ್ಯಕ್ರಮಕ್ಕೂ ಯುಐಡಿ ಎಂಬ ಗುರುತು ಒಂದೇ ಇರಲಿ, ವೇಳೆ ಬದಲಾದಾಗ ಸೀಕ್ವೆನ್ಸ್ ಸಂಖ್ಯೆ ಒಂದು ಏರಲಿ. ಆದರೂ ಒಮ್ಮೆ ಇಳಿಸಿಕೊಂಡವರಿಗೆ ಬದಲಾವಣೆ ತಾನಾಗಿ ತಲುಪುವುದಿಲ್ಲ, ಅವರು ಮತ್ತೆ ಒತ್ತಬೇಕು. ಹೊಸ ಸಂದೇಶದಲ್ಲಿ ಅದನ್ನು ಬಾಯಿಬಿಟ್ಟು ಹೇಳಿ.

ನಕಾಶೆಯ ಲಿಂಕ್‌ಗೆ ಹೆಸರಿನ ಬದಲು ಅಕ್ಷಾಂಶ ರೇಖಾಂಶ ಕೊಡಿ. ಮಾಟುಂಗ ಎಂದರೆ ಸೆಂಟ್ರಲ್ ಲೈನಿನ ಸ್ಟೇಷನ್, ಮಾಟುಂಗ ರೋಡ್ ವೆಸ್ಟರ್ನ್ ಲೈನಿನದು, ಪಕ್ಕದ ಕಿಂಗ್ಸ್ ಸರ್ಕಲ್ ಹಾರ್ಬರ್ ಲೈನಿನದು. ಬೊರಿವಲಿಯಿಂದ ಬರುವವರಿಗೂ ಠಾಣೆಯಿಂದ ಬರುವವರಿಗೂ ಇಳಿಯುವ ಜಾಗ ಬೇರೆ, ಗೇಟು ಒಂದೇ. ದಶಮಾಂಶದ ನಂತರ ನಾಲ್ಕು ಅಂಕಿ ಇದ್ದರೆ ಸುಮಾರು 11 ಮೀಟರ್ ನಿಖರತೆ, ಗೇಟಿಗೆ ಅಷ್ಟು ಸಾಕು. ಮೂರೇ ಅಂಕಿಯಾದರೆ 110 ಮೀಟರ್, ಪಕ್ಕದ ಗಲ್ಲಿಗೆ ಹೋಗಿ ನಿಲ್ಲುತ್ತಾರೆ.

ಇನ್ನು ಸಂದೇಶ ಕಳಿಸುವ ಪ್ರೋಗ್ರಾಂ. ಮಾಸ್ಟೊಡಾನ್‌ನಲ್ಲಿ ಸಂಘದ ಖಾತೆಯ ಆದ್ಯತೆಗಳಿಗೆ ಹೋಗಿ, ಡೆವಲಪ್‌ಮೆಂಟ್ ವಿಭಾಗದಲ್ಲಿ ಹೊಸ ಅಪ್ಲಿಕೇಶನ್ ಮಾಡಿ. ಅನುಮತಿಗಳ ಉದ್ದ ಪಟ್ಟಿ ಬರುತ್ತದೆ. ಬೇಕಾದದ್ದು ಎರಡೇ, ಸಂದೇಶ ಬರೆಯುವುದು ಮತ್ತು ಚಿತ್ರ ಏರಿಸುವುದು. ಉಳಿದ ಎಲ್ಲ ಗುರುತನ್ನೂ ತೆಗೆದುಹಾಕಿ. ಹಾಗೆ ಮಾಡಿದರೆ, ಪ್ರೋಗ್ರಾಂಗೆ ಸಿಗುವ ಟೋಕನ್ ಎಂಬ ಗುಟ್ಟಿನ ಕೀಲಿ ಕಳುವಾದರೂ ಕದ್ದವರಿಗೆ ಸಂಘದ ಖಾಸಗಿ ಸಂದೇಶ ಓದಲಾಗದು. ಬ್ಲೂಸ್ಕೈಯಲ್ಲಿ ಮುಖ್ಯ ಪಾಸ್‌ವರ್ಡ್ ಕೊಡದೆ, ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ ಪಾಸ್‌ವರ್ಡ್ ಮಾಡಿಕೊಳ್ಳಿ. ಸಂಘದ ಮುಖ್ಯ ಪಾಸ್‌ವರ್ಡ್ ಕೇಳುವ ಹೊರಗಿನ ಸೇವೆ ಎಷ್ಟೇ ಚೆಂದವಿರಲಿ, ಅದಕ್ಕೆ ಕೈಮುಗಿದು ಬಿಡಿ.

ಸಂದೇಶ ಕಳಿಸುವಾಗ ಭಾಷೆ ಕೆಎನ್ ಎಂದು ಹೇಳುವುದನ್ನು ಮರೆಯಬೇಡಿ, ಕನ್ನಡದ ಸಂದೇಶಗಳನ್ನು ಭಾಷೆ ನೋಡಿ ಸೋಸುವವರಿಗೆ ಅದರಿಂದಲೇ ಸಿಗುತ್ತೀರಿ. ನೆಟ್‌ವರ್ಕ್ ತಡವಾದಾಗ ಪ್ರೋಗ್ರಾಂ ಮತ್ತೊಮ್ಮೆ ಕಳಿಸಿ, ಒಂದೇ ಆಮಂತ್ರಣ ಎರಡು ಸಲ ಹೋಗುವುದುಂಟು. ಇದನ್ನು ತಡೆಯಲು ಮಾಸ್ಟೊಡಾನ್‌ನಲ್ಲಿ ಐಡೆಂಪೊಟೆನ್ಸಿ ಕೀ ಎಂಬ ಹೆಡರ್, ಅಂದರೆ ಸಂದೇಶದ ಜೊತೆ ಹೋಗುವ ಗುರುತಿನ ಸಾಲು, ಇದೆ. ಕಾರ್ಯಕ್ರಮದ ಯುಐಡಿಯ ಜೊತೆ ಸೀಕ್ವೆನ್ಸ್ ಸಂಖ್ಯೆ ಸೇರಿಸಿ ಅಲ್ಲಿ ಹಾಕಿ. ಅದೇ ಕೀ ಕೂಡಲೇ ಮತ್ತೆ ಬಂದರೆ ಸರ್ವರ್ ಹೊಸ ಸಂದೇಶ ಹಾಕದೆ ಮೊದಲಿನದನ್ನೇ ಮರಳಿಸುತ್ತದೆ. ಬೆಳಿಗ್ಗೆ 9ಕ್ಕೆ ಹೋಗಬೇಕಾದ ಸಂದೇಶ ಮಧ್ಯಾಹ್ನ 2:30ಕ್ಕೆ ಹೋಯಿತೆಂದರೆ, ನಿಮ್ಮ ಸರ್ವರಿನ ಗಡಿಯಾರ ಯುಟಿಸಿಯಲ್ಲಿದೆ ಎಂದರ್ಥ.

ಹೊಸ ಕಾರ್ಯದರ್ಶಿ ಬಂದ ದಿನ ಹಳೆಯ ಟೋಕನ್ ಮತ್ತು ಆ್ಯಪ್ ಪಾಸ್‌ವರ್ಡ್ ರದ್ದುಮಾಡಿ, ಹೊಸದು ಮಾಡಿಕೊಳ್ಳಿ. ಡೊಮೇನ್ ಯಾರೋ ಒಬ್ಬ ಸ್ವಯಂಸೇವಕರ ಹೆಸರಿನಲ್ಲಿದ್ದರೆ ಮೊದಲು ಅದನ್ನು ಸಂಘದ ಹೆಸರಿಗೆ ಬದಲಿಸಿ, ನವೀಕರಣದ ತಾರೀಖನ್ನು ಕಾರ್ಯಕಾರಿ ಸಮಿತಿಯ ನಡಾವಳಿ ಪುಸ್ತಕದಲ್ಲಿ ಬರೆದಿಡಿ. ಡೊಮೇನ್ ಅವಧಿ ಮೀರಿತೆಂದರೆ ಇಲ್ಲಿಯವರೆಗೆ ಹಂಚಿದ ಒಂದೊಂದು ಲಿಂಕೂ ಒಟ್ಟಿಗೆ ನಿಲ್ಲುತ್ತದೆ, ಆ ಹೆಸರನ್ನು ಬೇರೆಯವರು ಕೊಂಡುಬಿಟ್ಟರೆ ಅವೇ ಲಿಂಕುಗಳು ಅವರ ಪುಟಕ್ಕೆ ಹೋಗತೊಡಗುತ್ತವೆ. ನವೀಕರಣವನ್ನು ಐದು ವರ್ಷಕ್ಕೆ ಒಮ್ಮೆಲೇ ಮಾಡಿಸಲು ಬರುತ್ತದೆ, ಹಾಗೆಯೇ ಮಾಡಿಸಿ.

ನಮಸ್ಕಾರ.