ಹನ್ಯಾ: ಹಡಗು ಬಾರದ ಬಂದರು, ಮತ್ತೆ ನನ್ನಮ್ಮ

ಮೊದಲೇ ಹೇಳಿಬಿಡ್ತೀನಿ. ಈ ವಿಡಿಯೋದಲ್ಲಿ ನನ್ನ ಬಾಯಿ ಆಡೋದು ಕಾಣುತ್ತೆ, ಮಾತು ಕೇಳಲ್ಲ. ಮೂರು ದಿನ ಸಮುದ್ರದ ಪಕ್ಕ ನಿಂತು ಮಾತಾಡಿದ್ದೆಲ್ಲ ಗಾಳಿಪಾಲು. ಮೈಕಿಗೆ ತೊಡಿಸೋ ತುಪ್ಪಳದ ಟೋಪಿ ಮನೆಯಲ್ಲೇ ಮರೆತು ಹೋಗಿದ್ದೆ, ಉಳಿದದ್ದು ಬರೀ ಭೋರ್ ಅನ್ನೋ ಸದ್ದು. ಹಾಗಾಗಿ ಈಗ ಜರ್ಮನಿಯ ಮನೆಯಲ್ಲಿ, ಕಿಟಕಿ ಮುಚ್ಚಿಕೊಂಡು, ದೃಶ್ಯ ನೋಡ್ತಾ ನೋಡ್ತಾ ಹೇಳ್ತಾ ಇದೀನಿ. ಪಕ್ಕದ ಕೋಣೆಯಲ್ಲಿ ಅಮ್ಮ ಮಲಗಿದಾಳೆ. ಸ್ವಲ್ಪ ಮೆಲ್ಲಗೆ ಮಾತಾಡ್ತೀನಿ, ವಾಲ್ಯೂಮ್ ಏರಿಸ್ಕೊಳ್ಳಿ.

ಊರಿನ ಹೆಸರು ಹನ್ಯಾ. ಗ್ರೀಸ್ ದೇಶದ ದೊಡ್ಡ ದ್ವೀಪ ಕ್ರೀಟ್, ಅದರ ಪಡುವಣ ತುದಿಯ ಹತ್ತಿರ ಇರೋ ಹಳೇ ಬಂದರು. ಇಂಗ್ಲಿಷ್ ಅಕ್ಷರ ನೋಡಿ ನಾನು ಆರು ತಿಂಗಳು 'ಚಾನಿಯಾ ಚಾನಿಯಾ' ಅಂತಿದ್ದೆ. ಆಮೇಲೆ ಆಫೀಸಿನ ಗ್ರೀಕ್ ಗೆಳತಿಯೊಬ್ಬಳು ತಿದ್ದಿದಳು. ಅಮ್ಮನಿಗೆ ಫೋನಲ್ಲಿ 'ಹಾನಿಯಾಗೆ ಹೋಗೋಣ' ಅಂದೆ. "ಹೆಸರಲ್ಲೇ ಹಾನಿ ಇರೋ ಊರಿಗೆ ಯಾಕೆ ಹೋಗೋದು ಮಾರಾಯ್ತಿ?" ಅಂದಳು. ಬಂದಳು ಮಾತ್ರ.

ಅಥೆನ್ಸಿನ ಪಕ್ಕದ ಪಿರೇಯಸ್‌ನಿಂದ ರಾತ್ರಿ ಹಡಗು ಹತ್ತಿದ್ವಿ. ಬೆಳಿಗ್ಗೆ ಕಣ್ಣು ಬಿಟ್ಟರೆ ಎದುರಿಗೆ ಕಪ್ಪು ಬೆಟ್ಟ, ನಿಶ್ಚಲ ನೀರು. ಇಳಿದದ್ದು ಹನ್ಯಾದಲ್ಲಿ ಅಲ್ಲ, ಸೂಡಾದಲ್ಲಿ. ಪೂರ್ವಕ್ಕೆ ಆರೇಳು ಕಿಲೋಮೀಟರ್ ದೂರದ ಆಳವಾದ ಕೊಲ್ಲಿ ಅದು. ನೌಕಾಪಡೆ ಇರೋದೂ ಅಲ್ಲೇ, ದೊಡ್ಡ ಹಡಗು ನಿಲ್ಲೋದೂ ಅಲ್ಲೇ. ಅಲ್ಲಿಂದ ಬಸ್ಸು ಹಿಡಿದು ಊರಿಗೆ ಬಂದು, ಓಣಿಯ ಕೊನೆಯ ತಿರುವು ದಾಟಿದ್ದೇ, ನೋಡಿ, ಈ ದೃಶ್ಯ. ಅರ್ಧಚಂದ್ರದ ಹಾಗೆ ಬಾಗಿದ ಧಕ್ಕೆ, ಅಂದರೆ ಹಡಗು ತಂದು ನಿಲ್ಲಿಸೋ ಕಟ್ಟೆ, ಅದರುದ್ದಕ್ಕೂ ಹಳದಿ, ಗುಲಾಬಿ ಬಣ್ಣದ ಎತ್ತರದ ಮನೆಗಳು, ಆಚೆ ತುದಿಗೆ ದೀಪಸ್ತಂಭ. ನಾನು ಕ್ಯಾಮೆರಾ ತಿರುಗಿಸ್ತಾ ಇದ್ದರೆ ಅಮ್ಮ ಪಕ್ಕದಲ್ಲಿ ಸೊಂಟದ ಮೇಲೆ ಕೈ ಇಟ್ಟು ನಿಂತಿದಾಳೆ. ಅವಳು ಆಗ ಹೇಳಿದ್ದು ನನಗೆ ನೆನಪಿದೆ. "ಚೆಂದ ಇದೆ. ಹಡಗೆಲ್ಲಿ?"

ಇಡೀ ಊರಿನ ಕತೆ ಆ ಒಂದು ಪ್ರಶ್ನೆಯಲ್ಲಿದೆ ಅಂತ ನನಗೆ ಅರ್ಥ ಆಗೋಕೆ ಎರಡು ದಿನ ಬೇಕಾಯ್ತು. ಅಮ್ಮ ಹುಟ್ಟಿದ್ದು ಹೊನ್ನಾವರದಲ್ಲಿ, ಶರಾವತಿ ಅಳಿವೆಯ ಪಕ್ಕ. ಅಳಿವೆ ಅಂದರೆ ನದಿ ಸಮುದ್ರ ಸೇರೋ ಬಾಯಿ. ನಮ್ಮೂರಲ್ಲಿ ಮೀನುಗಾರರ ಬಾಯಲ್ಲಿ ವರ್ಷವಿಡೀ ಒಂದೇ ಮಾತು, ಅಳಿವೆಯಲ್ಲಿ ಹೂಳು, ದೋಣಿ ಒಳಗೆ ತರೋಕಾಗಲ್ಲ. ಹಾಗಾಗಿ ಅಮ್ಮ ಯಾವ ಬಂದರು ನೋಡಿದರೂ ಮೊದಲು ನೋಡೋದು ನೀರಿನ ಬಣ್ಣ. ಇಲ್ಲೂ ಅಷ್ಟೇ, ಧಕ್ಕೆಯ ಅಂಚಿಗೆ ಹೋಗಿ ಬಗ್ಗಿ ನೋಡಿ "ಆಳ ಇಲ್ಲ" ಅಂದಳು. ಅವಳು ಹೇಳಿದ್ದು ಸರಿ. ಈ ಬಂದರಿನ ಬಾಯಿ ಬಡಗಣಕ್ಕೆ ತೆರೆದಿದೆ. ಬಡಗಾಳಿ ಎದ್ದಿತು ಅಂದರೆ ಅಲೆ ನೇರ ಒಳಗೆ, ಧಕ್ಕೆ ಹತ್ತಿ ಹೋಟೆಲಿನ ಕುರ್ಚಿಗಳ ಕಾಲು ತೊಳೆಯುತ್ತೆ. ಅದರ ಜೊತೆ ಹೂಳು. ಇಟಲಿಯ ವೆನಿಸ್ಸಿನವರು ಇಲ್ಲಿ ಆಳುತ್ತಿದ್ದ ಕಾಲದಲ್ಲೂ ಹೂಳೆತ್ತೋದೇ ದೊಡ್ಡ ತಲೆನೋವಾಗಿತ್ತು. ದೊಡ್ಡ ಹಡಗುಗಳು ಸೂಡಾ ಕಡೆ ತಿರುಗಿದವು, ಇಲ್ಲಿ ಯಾರೂ ಕ್ರೇನ್ ನಿಲ್ಲಿಸಲಿಲ್ಲ, ಕಂಟೇನರ್ ಪೇರಿಸಲಿಲ್ಲ. ಹಳೇ ಧಕ್ಕೆ ಹಳೇದಾಗೇ ಉಳೀತು. ನಾವು ದುಡ್ಡು ಕೊಟ್ಟು ನೋಡೋಕೆ ಬಂದಿರೋ ಚೆಂದ ಇದೆಯಲ್ಲ, ಅದು ಬಂದರಾಗಿ ಈ ಜಾಗ ಸೋತಿದ್ದರ ಫಲ.

ನಮ್ಮ ಕೋಣೆ ಒಂದು ಹಳೇ ಮನೆಯ ಮೂರನೇ ಮಹಡಿ. ಲಿಫ್ಟ್ ಇಲ್ಲ, ಮರದ ಮೆಟ್ಟಿಲು ಏಣಿಯ ಹಾಗೆ ಕಡಿದು. 'ಸಮುದ್ರ ಕಾಣುವ ಕೋಣೆ' ಅಂತ ಬರೆದಿದ್ದರು. ಕಾಣುತ್ತೆ, ಬಚ್ಚಲಮನೆಯ ಕಿಟಕಿಯಿಂದ ಕುತ್ತಿಗೆ ಹೊರಗೆ ಹಾಕಿದರೆ. ಆ ವಿಷಯ ಬಿಡಿ.

ಇವು ನೋಡಿ, ನೆಯೋರಿಯಾ. ಸಾಲಾಗಿ ಕಮಾನು ಚಾವಣಿಯ ಕಲ್ಲಿನ ಕೊಟ್ಟಿಗೆಗಳು, ಬಾಯಿ ಸಮುದ್ರಕ್ಕೆ. ವೆನಿಸ್ಸಿನವರು ತಮ್ಮ ಹುಟ್ಟುಗೋಲಿನ ಯುದ್ಧನೌಕೆಗಳನ್ನ ಚಳಿಗಾಲದಲ್ಲಿ ಒಳಗೆಳೆದು ರಿಪೇರಿ ಮಾಡ್ತಿದ್ದ ಜಾಗ. ಒಂದೊಂದೂ ಸುಮಾರು 50 ಮೀಟರ್ ಉದ್ದ. 16ನೇ ಶತಮಾನ ಮುಗಿಯೋ ಹೊತ್ತಿಗೆ ಇಂಥವು 17 ಇದ್ದವು, ಈಗ ಒಟ್ಟಿಗೆ ನಿಂತಿರೋದು ಏಳು. ಅಮ್ಮ ಒಳಗೆ ಇಣುಕಿ, "ನಾವು ಮಳೆಗಾಲಕ್ಕೆ ದೋಣಿ ಎಳೆದಿಡೋ ಚಪ್ಪರವೇ. ಇವರು ಕಲ್ಲಲ್ಲಿ ಕಟ್ಟಿದಾರೆ ಅಷ್ಟೆ" ಅಂದಳು. ಇದಕ್ಕಿಂತ ಚೆನ್ನಾಗಿ ವಿವರಿಸಿದ ಗೈಡ್ ನನಗೆ ಸಿಕ್ಕಿಲ್ಲ. ಇಲ್ಲಿ ಈ ಕೊಟ್ಟಿಗೆಗಳನ್ನ ಕಟ್ಟೋ ಕೆಲಸ ಮುಗಿಯುತ್ತಿದ್ದ ಕಾಲಕ್ಕೇ, ನಮ್ಮ ಶರಾವತಿಯ ಮೇಲ್ದಡದ ಗೇರುಸೊಪ್ಪೆಯಲ್ಲಿ ಚೆನ್ನಭೈರಾದೇವಿ ಆಳುತ್ತಿದ್ದಳು, ಪೋರ್ಚುಗೀಸರು 'ಮೆಣಸಿನ ರಾಣಿ' ಅಂತ ಕರೆದವಳು. ಅದೇ ಪೋರ್ಚುಗೀಸರು ನಮ್ಮ ಕರಾವಳಿಗೆ ನೇರ ದಾರಿ ಕಂಡುಕೊಳ್ಳೋವರೆಗೂ ಯುರೋಪಿನ ಮೆಣಸಿನ ವ್ಯಾಪಾರದಲ್ಲಿ ದೊಡ್ಡ ಕೈ ವೆನಿಸ್ಸಿನದೇ. ಅಲೆಕ್ಸಾಂಡ್ರಿಯಾದಲ್ಲಿ ಮೆಣಸು ತುಂಬಿಕೊಂಡು ವೆನಿಸ್ಸಿಗೆ ಹೊರಟರೆ ನಡುವೆ ಸಿಗೋ ದ್ವೀಪ ಇದು.

ಅಂದಹಾಗೆ ಕ್ರೀಟ್ ದ್ವೀಪವನ್ನ ವೆನಿಸ್ ಮೊದಲು ಗೆದ್ದದ್ದಲ್ಲ, ಕೊಂಡದ್ದು. 1204ರಲ್ಲಿ, ನಾಲ್ಕನೇ ಕ್ರುಸೇಡ್ ಅನ್ನೋ ಕ್ರೈಸ್ತರ ಧರ್ಮಯುದ್ಧದ ಲೂಟಿ ಹಂಚಿಕೊಳ್ಳುವಾಗ, ಪಾಲಿಗೆ ಬಂದ ದೊರೆಯೊಬ್ಬನಿಂದ ಸಾವಿರ ಬೆಳ್ಳಿ ಮಾರ್ಕಿಗೆ. ಅಲ್ಲಿನ ಜನರನ್ನ ಯಾರೂ ಕೇಳಲಿಲ್ಲ ಅಂತ ಬೇರೆ ಹೇಳಬೇಕಾ? 1645ರಲ್ಲಿ ಎರಡು ತಿಂಗಳ ಮುತ್ತಿಗೆ ಹಾಕಿ ಆಟೊಮನ್ ತುರ್ಕರು ಹನ್ಯಾ ಹಿಡಿದರು. ಧಕ್ಕೆಯ ಮೇಲೆ ಗುಮ್ಮಟಗಳ ಗುಂಪು ಕಾಣ್ತಿದೆಯಲ್ಲ, ಅದು ಆಮೇಲೆ ಕಟ್ಟಿದ ಮಸೀದಿ. ಈಗ ಮಿನಾರು ಇಲ್ಲ, ನಮಾಜೂ ಇಲ್ಲ, ಚಿತ್ರಪ್ರದರ್ಶನ ನಡೆಯುತ್ತೆ.

ಈ ಊರಲ್ಲಿ ಯಾರೂ ಏನನ್ನೂ ಪೂರ್ತಿ ಕೆಡವಲಿಲ್ಲ, ಬಾಗಿಲ ಮೇಲಿನ ಹೆಸರು ಬದಲಾಯಿಸಿದರು ಅಷ್ಟೆ. ಅದನ್ನ ನೋಡಬೇಕಾದರೆ ಧಕ್ಕೆ ಬಿಟ್ಟು ಒಳಗೆ, ಸ್ಪ್ಲಾಂಜಿಯಾ ಚೌಕಕ್ಕೆ ಬನ್ನಿ. ಸಂತ ನಿಕೋಲಾಸನ ಚರ್ಚು. ಒಂದು ಮಗ್ಗುಲಲ್ಲಿ ಗಂಟೆಗೋಪುರ, ಇನ್ನೊಂದು ಮಗ್ಗುಲಲ್ಲಿ ಎರಡು ಉಪ್ಪರಿಗೆಯ ಮಿನಾರು. ಎಡಿಟಿಂಗ್ ಅಲ್ಲ, ಎರಡೂ ಒಂದೇ ಕಟ್ಟಡಕ್ಕೆ ಅಂಟಿಕೊಂಡಿವೆ. ವೆನಿಸ್ ಕಾಲದಲ್ಲಿ ಡೊಮಿನಿಕನ್ ಸಂನ್ಯಾಸಿಗಳ ಮಠ, ತುರ್ಕರ ಕಾಲದಲ್ಲಿ ಸುಲ್ತಾನ್ ಇಬ್ರಾಹಿಂ ಹೆಸರಿನ ಮಸೀದಿ, ಈಗ ಆರ್ಥೊಡಾಕ್ಸ್ ಚರ್ಚು. ಎದುರಿಗೆ ಮರದ ನೆರಳಲ್ಲಿ ಮುದುಕರು ಕಾಫಿ ಕುಡೀತಾ ಕೂತಿದಾರೆ. 1821ರಲ್ಲಿ ಗ್ರೀಕರ ದಂಗೆ ಎದ್ದಾಗ ಇದೇ ಚೌಕದಲ್ಲಿ ಒಬ್ಬ ಬಿಷಪ್ಪನನ್ನ ನೇಣಿಗೆ ಹಾಕಿದ್ದರು. ನಾವೂ ಅಲ್ಲೇ ಕಾಫಿ ಕುಡಿದ್ವಿ. ಲೋಟದ ತಳದಲ್ಲಿ ಎರಡು ಬೆರಳು ಗಸಿ, ಅಮ್ಮ ಅದನ್ನೂ ಕುಡಿಯೋಕೆ ಹೋಗಿ ಮುಖ ಹಿಂಡಿದಳು.

ಅಲ್ಲೇ ಕೂತು ಅವಳಿಗೆ ಕ್ರೀಟಿನ ಮುಸಲ್ಮಾನರ ವಿಷಯ ಹೇಳಿದೆ. ಇವರಲ್ಲಿ ಬಹಳ ಜನ ಹೊರಗಿನಿಂದ ಬಂದವರಲ್ಲ, ಇಲ್ಲಿನವರೇ ಮತ ಬದಲಾಯಿಸಿದ್ದು. ಮನೆಮಾತು ಗ್ರೀಕ್. 1913ರ ಡಿಸೆಂಬರ್ 1ರಂದು, ಬಂದರಿನ ಬಾಯಲ್ಲಿರೋ ಫಿರ್ಕಾಸ್ ಕೋಟೆಯ ಮೇಲೆ ಗ್ರೀಕ್ ಬಾವುಟ ಏರಿತು, ದ್ವೀಪ ಅಧಿಕೃತವಾಗಿ ಗ್ರೀಸಿಗೆ ಸೇರಿತು. ಹತ್ತು ವರ್ಷ ಕಳೆದು, 1923ರಲ್ಲಿ, ಗ್ರೀಸ್ ಮತ್ತು ತುರ್ಕಿ ಕೂತು ಜನರನ್ನೇ ಅದಲು ಬದಲು ಮಾಡಿಕೊಳ್ಳೋ ಒಪ್ಪಂದ ಮಾಡಿಕೊಂಡವು. ಅಳತೆಗೋಲು ಧರ್ಮ, ಭಾಷೆಯಲ್ಲ. ಗ್ರೀಕ್ ಮಾತಾಡೋ ಮುಸಲ್ಮಾನರು ಇಲ್ಲಿಂದ ತುರ್ಕಿಗೆ ಹಡಗು ಹತ್ತಿದರು. ಅಲ್ಲಿನ ಕ್ರೈಸ್ತರು ಇಲ್ಲಿಗೆ ಬಂದರು, ಅವರಲ್ಲಿ ಎಷ್ಟೋ ಜನಕ್ಕೆ ತುರ್ಕಿ ಭಾಷೆಯೇ ಗೊತ್ತು. ಎರಡೂ ದಡದಲ್ಲಿ 'ನೀವು ನಮ್ಮವರಲ್ಲ' ಅನ್ನಿಸಿಕೊಂಡರು. ಈಗಲೂ ತುರ್ಕಿಯ ಅಯ್ವಾಲಿಕ್ ಕಡೆ ಕ್ರೀಟಿನ ಗ್ರೀಕ್ ಮಾತಾಡೋ ಹಿರಿಯರು ಇದಾರೆ.

ಅಮ್ಮ ಪೂರ್ತಿ ಕೇಳಿ, ಸುಮಾರು ಹೊತ್ತು ಬಿಟ್ಟು ಕೇಳಿದ್ದು: "ಮನೆ ಬೀಗ ಯಾರ ಕೈಗೆ ಕೊಟ್ಟು ಹೋದ್ರು?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಊಟಕ್ಕೆ ಬರೋಣ. ಧಕ್ಕೆ ಮೇಲಿನ ಹೋಟೆಲಿನವರು ದಾರಿಗೆ ಅಡ್ಡ ನಿಂತು ಕರೀತಾರೆ, ತಪ್ಪಿಸಿಕೊಂಡು ಒಳಓಣಿಗೆ ಹೋಗಿ. ಮೀನು ಇಲ್ಲಿ ತೂಕದ ಲೆಕ್ಕ, ಮೆನುವಿನಲ್ಲಿ ಇರೋದು ಕಿಲೋ ದರ, ಅದನ್ನ ನೋಡದೆ ಹೇಳಿದರೆ ಬಿಲ್ಲು ಬಂದಾಗ ಎದೆ ಧಸಕ್ ಅನ್ನುತ್ತೆ. ಅಮ್ಮ ಆ ತಪ್ಪು ಮಾಡೋಳಲ್ಲ. ನೇರ ಮಂಜುಗಡ್ಡೆ ಪೆಟ್ಟಿಗೆ ಹತ್ತಿರ ಹೋಗಿ ಕಿವಿರು ಎತ್ತಿ ನೋಡಿದಳು. ಹೋಟೆಲಿನ ಅಜ್ಜಿ ಅಡುಗೆಮನೆಯಿಂದ ಹೊರಗೆ ಬಂದು ನಿಂತಳು. ಇಬ್ಬರಿಗೂ ಒಂದು ಭಾಷೆ ಬರಲ್ಲ, ಆದರೆ ಐದು ನಿಮಿಷ ಅದೇನೋ ಮಾತುಕತೆ ಆಯ್ತು, ಕೊನೆಗೆ ಅಜ್ಜಿಯೇ ಬೇರೆ ಬುಟ್ಟಿಯಿಂದ ತಾರ್ಲೆ ತೆಗೆದು ತೋರಿಸಿದಳು. ಕೆಂಡದ ಮೇಲೆ ಸುಟ್ಟು, ಉಪ್ಪು, ನಿಂಬೆ, ಆಲಿವ್ ಎಣ್ಣೆ. "ಮಸಾಲೆ ಹಚ್ಚೋದು ಮರೆತ್ರಾ?" ಅಂತ ಗೊಣಗಿದವಳು ಮುಳ್ಳು ಮಾತ್ರ ಬಿಟ್ಟಳು, ಅದು ಬೆಕ್ಕಿಗೆ. ಬೆಕ್ಕುಗಳ ಬಗ್ಗೆ ಬೇರೆ ವಿಡಿಯೋನೇ ಮಾಡಬಹುದು.

ಮೀನು ತಿನ್ನದವರಿಗೂ ಕಷ್ಟ ಇಲ್ಲ. ಡಾಕೋಸ್ ಅಂದರೆ ಬಾರ್ಲಿಯ ಗಟ್ಟಿ ರಸ್ಕಿನ ಮೇಲೆ ತುರಿದ ಟೊಮೆಟೊ, ಮಿಜಿತ್ರಾ ಅನ್ನೋ ಬಿಳೀ ಚೀಸು, ಮೇಲೆ ಎಣ್ಣೆ. ಬುರೇಕಿ ಅಂದರೆ ಆಲೂಗಡ್ಡೆ, ಸೀಮೆಸೌತೆಯಂಥ ಜುಕಿನಿ, ಪುದೀನ, ಅದೇ ಚೀಸು, ಪದರ ಪದರವಾಗಿ ಬೇಯಿಸಿದ್ದು. ಬೆಳಿಗ್ಗೆಗೆ ಬುಗಾತ್ಸಾ, ಉಪ್ಪುಪ್ಪು ಚೀಸು ತುಂಬಿದ ಗರಿಗರಿ ಹಾಳೆ, ಮೇಲೆ ಸಕ್ಕರೆ ಉದುರಿಸಿ ತಿನ್ನಬೇಕು. ಊಟ ಮುಗಿದ ಮೇಲೆ ಕೇಳದೇ ಪುಟ್ಟ ಸೀಸೆ ತಂದಿಡ್ತಾರೆ, ತ್ಸಿಕುದ್ಯಾ, ದ್ರಾಕ್ಷಿ ಹಿಪ್ಪೆಯಿಂದ ಬಟ್ಟಿ ಇಳಿಸಿದ್ದು. ಅಮ್ಮ ಮೂಸಿ ನನ್ನ ಕಡೆ ತಳ್ಳಿದಳು. ಆಮೇಲಿನ ದೃಶ್ಯ ಸ್ವಲ್ಪ ಅಲ್ಲಾಡಿದೆ, ಕ್ಷಮಿಸಿ.

ಸಿಫಾಕಾ ಅನ್ನೋ ಬೀದಿಯಲ್ಲಿ ಚಾಕು ಮಾಡೋರ ಅಂಗಡಿಗಳು. ಅಲಗಿನ ಮೇಲೆ ಮಾಂಡಿನಾದಾ ಕೆತ್ತಿರ್ತಾರೆ, ಕ್ರೀಟಿನ ಎರಡು ಸಾಲಿನ ಪ್ರಾಸದ ಪದ್ಯ. ಅಂಗಡಿಯವನು ಒಂದನ್ನ ಓದಿ ಅರ್ಥ ಹೇಳಿದ, ಪ್ರೀತಿ ಗೀತಿ ಅಂತ ಏನೋ. ಅಮ್ಮನಿಗೆ ಬೇಕಿದ್ದು ಬಾಳೆಕಾಯಿ ಹೆಚ್ಚೋಕೆ ಆಗುತ್ತಾ ಇಲ್ಲವಾ ಅಂತ. ಮೆಟ್ಟುಗತ್ತಿ ಮುಂದೆ ಇದು ಆಟದ ಸಾಮಾನು ಅಂತ ತೀರ್ಪು ಕೊಟ್ಟು, ಆದರೂ ಒಂದು ಕೊಂಡಳು.

ಈ ಮುಂದಿನ ಭಾಗಕ್ಕೆ ನಾನು ಸಂಗೀತ ಹಾಕಿಲ್ಲ. ಕೊಂಡಿಲಾಕಿ ಬೀದಿ, ಈಗ ಪೂರ್ತಿ ಹೋಟೆಲುಗಳು. ಇದು ಒಂದು ಕಾಲದ ಯಹೂದಿಗಳ ಕೇರಿ. ಪಕ್ಕದ ಸಂದಿಯಲ್ಲಿ ಎಟ್ಜ್ ಹಾಯಿಮ್ ಅನ್ನೋ ಸಿನಗಾಗ್, ಅಂದರೆ ಅವರ ಪ್ರಾರ್ಥನಾಮಂದಿರ, ಇದೆ, ವೆನಿಸ್ ಕಾಲದ ಚರ್ಚೊಂದರಲ್ಲಿ ಆಗಿದ್ದು. ಎರಡನೇ ಮಹಾಯುದ್ಧದಲ್ಲಿ ದ್ವೀಪ ಜರ್ಮನ್ನರ ಕೈಯಲ್ಲಿತ್ತು. 1944ರ ಮೇ ಕೊನೆಯಲ್ಲಿ ಒಂದು ಬೆಳಗಿನ ಜಾವ ಜರ್ಮನ್ ಸೈನಿಕರು ಕೇರಿಗೆ ನುಗ್ಗಿ ಎಲ್ಲರನ್ನೂ ಹಿಡಿದರು. ಜೂನಿನಲ್ಲಿ ಹೆರಾಕ್ಲಿಯನ್‌ನಿಂದ ತನಾಯಿಸ್ ಅನ್ನೋ ಹಡಗಿಗೆ ತುಂಬಿದರು. ಜೂನ್ 9ರಂದು ಆ ಹಡಗಿಗೆ ಟಾರ್ಪಿಡೊ ಹೊಡೆದು ಮುಳುಗಿಸಿದ್ದು ಬ್ರಿಟಿಷ್ ಜಲಾಂತರ್ಗಾಮಿ. ಒಳಗೆ ಯಾರಿದ್ದಾರೆ ಅಂತ ಅದಕ್ಕೆ ಗೊತ್ತಿರಲಿಲ್ಲ. ಇನ್ನೂರೈವತ್ತಕ್ಕಿಂತ ಹೆಚ್ಚು ಯಹೂದಿಗಳು, ಜೊತೆಗೆ ಗ್ರೀಕ್ ಮತ್ತು ಇಟಾಲಿಯನ್ ಕೈದಿಗಳು, ನೀರುಪಾಲು. ಸಿನಗಾಗ್ ಪಾಳು ಬಿತ್ತು. 1999ರಲ್ಲಿ ಮತ್ತೆ ಬಾಗಿಲು ತೆರೆಯಿತು, ನಿಕೋಸ್ ಸ್ತಾವ್ರುಲಾಕಿಸ್ ಅನ್ನೋರ ಹಟದಿಂದ. 2010ರಲ್ಲಿ ಎರಡು ಸಲ ಬೆಂಕಿ ಹಚ್ಚಿದರು, ಮತ್ತೆ ಸರಿಮಾಡಿದರು. ನಾವು ಹೋದಾಗ ಅಂಗಳದಲ್ಲಿ ಇನ್ಯಾರೂ ಇರಲಿಲ್ಲ. ನಾನು ಬದುಕೋದು, ತೆರಿಗೆ ಕಟ್ಟೋದು ಜರ್ಮನಿಯಲ್ಲಿ. ಅದು ಆ ಅಂಗಳದಲ್ಲಿ ನೆನಪಾಯ್ತು.

ಕೊನೆಯ ಸಂಜೆ ದೀಪಸ್ತಂಭಕ್ಕೆ. ಎದುರಿಗೇ ಕಾಣುತ್ತೆ, ಆದರೆ ನೀರು ದಾಟೋ ಹಾಗಿಲ್ಲ, ಬಂದರು ಸುತ್ತಿ ಅಲೆ ತಡೆಗೋಡೆಯ ಮೇಲೆ ನಡೆದೇ ಹೋಗಬೇಕು. ಕಲ್ಲು ಎತ್ತರ ತಗ್ಗು, ಒಳ್ಳೇ ಚಪ್ಪಲಿ ಹಾಕ್ಕೊಳ್ಳಿ. ಅಡಿಪಾಯ ವೆನಿಸ್ಸಿನದು. ಮೇಲಿನ ಗೋಪುರ 1830ರ ದಶಕದ ಹೊತ್ತಿನದು, ಕ್ರೀಟ್ ಸ್ವಲ್ಪ ಕಾಲ ಈಜಿಪ್ಟಿನವರ ಕೈಯಲ್ಲಿದ್ದಾಗ ಕಟ್ಟಿದ್ದು. ಅದಕ್ಕೇ ಇದನ್ನ ಈಜಿಪ್ಟಿನ ದೀಪಸ್ತಂಭ ಅಂತಾರೆ. ಬುಡದಲ್ಲಿ ಎಂಟು ಮುಖ, ನಡುವೆ ಹದಿನಾರು, ಮೇಲೆ ದುಂಡು. ಶತ್ರು ಹಡಗು ಬರದ ಹಾಗೆ ಇಲ್ಲಿಂದ ಎದುರಿನ ಫಿರ್ಕಾಸ್ ಕೋಟೆಗೆ ಸರಪಳಿ ಎಳೀತಿದ್ದರಂತೆ.

ಬಡಗಾಳಿ ಬೀಸ್ತಾ ಇತ್ತು. ಗೋಡೆಯ ಆಚೆ ಬದಿ ಅಲೆ ಬಡಿದು ಹನಿ ನಮ್ಮ ತಲೆ ಮೇಲೆ. ಅಮ್ಮ ಸೆರಗು ಕಿವಿಗೆ ಸುತ್ತಿಕೊಂಡು ಗೋಪುರಕ್ಕೆ ಬೆನ್ನು ಕೊಟ್ಟು ನಿಂತಿದಾಳೆ, ನೋಡ್ತಿರೋದು ಊರಿನ ಕಡೆ ಅಲ್ಲ, ಬಂದರಿನ ಬಾಯಿ ಕಡೆ. ನಾನು ಅಲ್ಲಿ ಹನ್ನೊಂದು ನಿಮಿಷ ಇತಿಹಾಸ ಹೇಳಿದೀನಿ, ಒಂದಕ್ಷರ ಕೇಳಲ್ಲ. ಆದರೆ ಗಾಳಿ ಒಂದೇ ಒಂದು ಸಲ ನಿಂತಿದೆ, ಆಗ ಅವಳ ದನಿ ಸಿಕ್ಕಿದೆ. ಈ ಮೂರು ದಿನದಲ್ಲಿ ಉಳಿದ ಒಂದೇ ಮಾತು, ಹಾಗೇ ಹಾಕ್ತಾ ಇದೀನಿ, ಕೇಳಿ.

"ಅಲ್ಲಾ, ಈಗ ಇಲ್ಲಿ ಹೂಳು ಯಾರು ಎತ್ತೋದು?"