ಮಣ್ಣಿನೊಳಗೆ ಮೂಳೆಯ ಕೊಡು-ಕೊಳ್ಳು

ಕೇಳುಗರಿಗೆ ನಮಸ್ಕಾರ.

ಅಗೆದು ತೆಗೆದ ತುಣುಕು ಕಲ್ಲೋ ಮೂಳೆಯೋ ಎಂದು ಅನುಮಾನ ಬಂದರೆ ಕೆಲವರು ಅದನ್ನು ನಾಲಿಗೆಗೆ ತಾಗಿಸಿ ನೋಡುತ್ತಾರೆ. ಮುಖ ಸಿಂಡರಿಸಬೇಡಿ! ಹಳೇ ಮೂಳೆಯಾದರೆ ನಾಲಿಗೆಗೆ ಅಂಟಿಕೊಳ್ಳುತ್ತದೆ.

ಯಾಕೆ? ಮೂಳೆ ಅಂದರೆ ಬರೀ ಸುಣ್ಣ ಅಂದುಕೊಂಡಿರುತ್ತೇವೆ, ಅಲ್ವಾ? ತೂಕದಲ್ಲಿ ಮೂರರಲ್ಲಿ ಎರಡು ಪಾಲು ಕ್ಯಾಲ್ಸಿಯಂ ಫಾಸ್ಫೇಟಿನ ಖನಿಜ, ನಿಜ. ಉಳಿದದ್ದರಲ್ಲಿ ಜಾಸ್ತಿ ಕೊಲಾಜೆನ್ ಎಂಬ ಪ್ರೋಟೀನ್. ಹೂತ ಮೇಲೆ ಬ್ಯಾಕ್ಟೀರಿಯಾಗಳು ಸಣ್ಣ ಸುರಂಗ ಕೊರೆದು ಅದನ್ನು ತಿನ್ನುತ್ತವೆ. ಉಳಿದದ್ದನ್ನು ನೀರು ನಿಧಾನವಾಗಿ ಒಡೆಯುತ್ತದೆ. ಕೊಲಾಜೆನ್ ಹೋದಲ್ಲೆಲ್ಲ ತೂತು. ನಾಲಿಗೆಯ ತೇವ ಹೀರುವುದು ಈ ತೂತುಗಳೇ.

ಅದೇ ದಾರಿಯಲ್ಲಿ ಅಂತರ್ಜಲವೂ ನುಗ್ಗುತ್ತದೆ, ಬರಿಗೈಯಲ್ಲಿ ಬರುವುದಿಲ್ಲ. ನೀರಿನ ಫ್ಲೋರಿನ್ ಖನಿಜದೊಳಗೆ ಜಾಗ ಹಿಡಿದು ಕೂರುತ್ತದೆ. ಒಮ್ಮೆ ಕೂತರೆ ಸುಲಭಕ್ಕೆ ಏಳುವುದಿಲ್ಲ. ಬದುಕಿದ್ದಾಗ ಇಲ್ಲವೆನ್ನುವಷ್ಟಿದ್ದ ಯುರೇನಿಯಂ ಕೂಡ ಸೇರುತ್ತದೆ. ಗಾಳಿಯಾಡದ ಕೆಸರಿನಲ್ಲಿ ಕಬ್ಬಿಣ ಸಿಕ್ಕರೆ ವಿವಿಯನೈಟ್ ಎಂಬ ಹರಳು ಬೆಳೆಯುತ್ತದೆ. ಮಣ್ಣಲ್ಲಿದ್ದಾಗ ಅದಕ್ಕೆ ಬಣ್ಣವಿಲ್ಲ. ಹೊರಗೆ ತೆಗೆದು ಗಾಳಿ ಸೋಕಿದರೆ ಮೂಳೆ ನೀಲಿಗಟ್ಟುತ್ತದೆ!

ಈ ಕೊಡು-ಕೊಳ್ಳುವೇ ಒಂದು ದೊಡ್ಡ ಮೋಸವನ್ನು ಬಯಲು ಮಾಡಿತು. 1912ರಲ್ಲಿ ಇಂಗ್ಲೆಂಡಿನ ಪಿಲ್ಟ್‌ಡೌನ್‌ನಲ್ಲಿ ಆದಿಮಾನವನ ತಲೆಬುರುಡೆ, ದವಡೆ ಸಿಕ್ಕಿತೆಂದು ಸುದ್ದಿಯಾಯಿತು. 1949ರಲ್ಲಿ ಕೆನೆತ್ ಓಕ್ಲಿ ಎಂಬ ವಿಜ್ಞಾನಿ ಫ್ಲೋರಿನ್ ಅಳೆದರು. ಅಲ್ಲೇ ಸಿಕ್ಕ ನಿಜವಾಗಿ ಹಳೆಯ ಪ್ರಾಣಿ ಮೂಳೆಗಳಲ್ಲಿ ಅದು ತುಂಬಿತ್ತು, ಇವುಗಳಲ್ಲಿ ತೀರ ಕಡಿಮೆ. 1953ರಲ್ಲಿ ಕೊಲಾಜೆನ್‌ನಲ್ಲಿರುವ ನೈಟ್ರೋಜನ್ ನೋಡಿದರೆ, ದವಡೆಯಲ್ಲಿ ಹೊಸ ಮೂಳೆಯಷ್ಟೇ! ಅಂದರೆ ಕೊಲಾಜೆನ್ ಹೋಗೇ ಇರಲಿಲ್ಲ. ಅದು ಒರಾಂಗುಟಾನಿನ ದವಡೆ. ಹಲ್ಲು ಅರದಿಂದ ಉಜ್ಜಿ, ಕಂದು ಬಣ್ಣ ಹಚ್ಚಿ ಹೂತಿದ್ದರು. ಬಣ್ಣ ಹಚ್ಚಿದವನಿಗೆ ಫ್ಲೋರಿನ್ ನೆನಪಾಗಿರಲಿಲ್ಲ, ಪಾಪ.

ಒಂದು ಮಾತು: ಎಲ್ಲ ನೆಲದಲ್ಲೂ ಫ್ಲೋರಿನ್ ಒಂದೇ ಸಮ ಇರುವುದಿಲ್ಲ. ಹಾಗಾಗಿ ಒಂದೇ ಜಾಗದ ಮೂಳೆಗಳನ್ನು ಮಾತ್ರ ಹೋಲಿಸಬಹುದು. ಸುಮ್ನೆ ಅಂಕಿ ನೋಡಿ ವಯಸ್ಸು ಹೇಳಲಾಗದು.

ಇದೇ ಕೊಡು-ಕೊಳ್ಳು ಇನ್ನೊಂದು ಕಡೆ ಕಾಟ ಕೊಡುತ್ತದೆ. ಸತ್ತವನು ಎಲ್ಲಿ ಬೆಳೆದ ಎಂದು ತಿಳಿಯಲು, ಆ ನೆಲದಿಂದ ಅನ್ನದ ಮೂಲಕ ಮೈ ಸೇರುವ ಸ್ಟ್ರಾನ್ಷಿಯಂ ಎಂಬ ಧಾತುವನ್ನು ಅಳೆಯುತ್ತಾರೆ. ಅದು ಅವನು ತಿಂದ ಅನ್ನದ್ದೋ, ಆಮೇಲೆ ಸಮಾಧಿಯ ನೀರಿನಿಂದ ಬಂದದ್ದೋ? ಮೂಳೆಯಲ್ಲಿ ಎರಡೂ ಬೆರೆತಿರುತ್ತವೆ. ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಹಾಗಲ್ಲ. ಅದರಲ್ಲಿ ಕೊಲಾಜೆನ್ ಇಲ್ಲ, ತೂತುಗಳೂ ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೇ ಸ್ಟ್ರಾನ್ಷಿಯಂ ಅಳೆಯುವವರು ಅಸ್ಥಿಪಂಜರ ಕಂಡೊಡನೆ ಮೊದಲು ಬಾಯಿಯ ಕಡೆ ನೋಡುತ್ತಾರೆ.